ಜರ್ಮನಿಯಲ್ಲಿ ಮೊದಲ ಕ್ರಿಸ್‌ಮಸ್ ರಜೆ: ಹೊಸದಾಗಿ ಬಂದವರಿಗೊಂದು ಮಾರ್ಗದರ್ಶಿ

ಕೆಲಸಕ್ಕೋ ಓದಿಗೋ ಜರ್ಮನಿಗೆ ಬಂದ ಕನ್ನಡಿಗರು ನವೆಂಬರ್ ಮುಗಿಯುತ್ತಿದ್ದಂತೆ ಕೇಳುವ ಪ್ರಶ್ನೆಗಳು ಪ್ರತಿವರ್ಷವೂ ಹೆಚ್ಚುಕಡಿಮೆ ಅವೇ ಆಗಿರುತ್ತವೆ. ಅಂಗಡಿಗಳು ನಿಜವಾಗಿಯೂ ಮುಚ್ಚಿರುತ್ತವೆಯೇ? ಆ ದಿನಗಳಲ್ಲಿ ಮಗುವಿಗೆ ಜ್ವರ ಬಂದರೆ ಎಲ್ಲಿಗೆ ಹೋಗಬೇಕು? ಊರಿಗೆ ಹೋಗದೆ ಇಲ್ಲೇ ಉಳಿದರೆ ಅಷ್ಟೂ ದಿನ ಮಾಡುವುದೇನು? ಈ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಲೇಖನವನ್ನು ಹಂತಹಂತವಾಗಿ ಬರೆದಿದ್ದೇನೆ.

ಹಂತಗಳಿಗೆ ಹೋಗುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇಲ್ಲಿ ನವೆಂಬರ್ ಕೊನೆಯಿಂದ ಡಿಸೆಂಬರ್ 23ರವರೆಗೆ ಹಬ್ಬ ಬೀದಿಯಲ್ಲಿರುತ್ತದೆ. ದೀಪ, ಸಂತೆ, ಸಂಗೀತ ಎಲ್ಲವೂ ಹೊರಗೇ ಇರುತ್ತವೆ. 24ರ ಮಧ್ಯಾಹ್ನ ಅದು ಮನೆಯೊಳಗೆ ಹೋಗಿಬಿಡುತ್ತದೆ. ವಿಜಯದಶಮಿಯ ಜಂಬೂಸವಾರಿಯ ಹಾಗೆ ಕೊನೆಯ ದಿನವೇ ಬೀದಿ ತುಂಬಿ ತುಳುಕುತ್ತದೆ ಎಂದುಕೊಂಡು 24ರ ಸಂಜೆ ಪೇಟೆಗೆ ಹೋಗುವವರಿಗೆ ಸಿಗುವುದು ಮುಚ್ಚಿದ ಬಾಗಿಲುಗಳು ಮತ್ತು ಖಾಲಿ ಟ್ರಾಮ್. ಕೆಳಗಿನ ಸಿದ್ಧತೆಗಳಲ್ಲಿ ಹೆಚ್ಚಿನವು ಈ ಎರಡನೆಯ ಭಾಗಕ್ಕೆ ಸಂಬಂಧಿಸಿದವು.

1. ಮೊದಲು ಕ್ಯಾಲೆಂಡರ್ ನೋಡಿ

ಡಿಸೆಂಬರ್ 25, 26 ಮತ್ತು ಜನವರಿ 1 ಇಡೀ ಜರ್ಮನಿಗೆ ಸಾರ್ವತ್ರಿಕ ರಜೆ. ಜನವರಿ 6ರಂದು, ಅಂದರೆ ಮೂವರು ಜ್ಞಾನಿಗಳ ಹಬ್ಬದ ದಿನ, ಬವೇರಿಯಾ, ಬಾಡೆನ್-ವ್ಯುರ್ಟೆಂಬರ್ಗ್ ಮತ್ತು ಸ್ಯಾಕ್ಸನಿ-ಅನ್‌ಹಾಲ್ಟ್ ರಾಜ್ಯಗಳಲ್ಲಿ ಮಾತ್ರ ರಜೆ ಇರುತ್ತದೆ. 24 ಮತ್ತು 31 ಕಾನೂನಿನ ಪ್ರಕಾರ ರಜೆಯ ದಿನಗಳಲ್ಲ. ಆದರೂ 24ರಂದು ಮಧ್ಯಾಹ್ನ 2 ಗಂಟೆಯ ಹೊತ್ತಿಗೆ ಅಂಗಡಿಗಳು ಮುಚ್ಚುತ್ತವೆ. ಕೆಲವು ಅದಕ್ಕೂ ಮೊದಲೇ ಮುಚ್ಚುತ್ತವೆ. ಇದರ ಮೇಲೆ ಭಾನುವಾರಗಳಂದು ಅಂಗಡಿ ತೆರೆಯುವುದಿಲ್ಲ ಎಂಬ ಇಲ್ಲಿನ ಮಾಮೂಲಿ ನಿಯಮವೂ ಸೇರಿಕೊಳ್ಳುತ್ತದೆ. 2026ನೇ ಇಸವಿಯನ್ನೇ ತೆಗೆದುಕೊಳ್ಳಿ: 24 ಗುರುವಾರ, 25 ಶುಕ್ರವಾರ, 26 ಶನಿವಾರ, 27 ಭಾನುವಾರ. ಗುರುವಾರ ಮಧ್ಯಾಹ್ನ ಮುಚ್ಚಿದ ಅಂಗಡಿ ಸೋಮವಾರ ಬೆಳಿಗ್ಗೆಯವರೆಗೆ ತೆರೆಯುವುದಿಲ್ಲ.

ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣ ಮತ್ತು ಪೆಟ್ರೋಲ್ ಬಂಕ್‌ಗಳ ಅಂಗಡಿಗಳು ತೆರೆದಿರುತ್ತವೆ. ಆದರೆ ಅಲ್ಲಿ ಬೆಲೆ ಹೆಚ್ಚು, ಆಯ್ಕೆ ಕಡಿಮೆ. ಹಬ್ಬದ ಖರೀದಿಯನ್ನು 23 ಅಥವಾ 24ಕ್ಕೆ ಇಟ್ಟುಕೊಳ್ಳುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. 21 ಅಥವಾ 22ರ ಬೆಳಿಗ್ಗೆ, ಅದು ಭಾನುವಾರವಲ್ಲದಿದ್ದರೆ, ಹೋಗಿಬನ್ನಿ. ಸಾಮಾನನ್ನು ಮನೆಗೇ ತರಿಸಿಕೊಳ್ಳುವವರು ಇನ್ನೂ ಮುಂಚೆ ಹೊತ್ತು ಕಾಯ್ದಿರಿಸಬೇಕು.

2. ರಜೆ, ಮಕ್ಕಳ ಶಾಲೆ, ವಾಸದ ಪರವಾನಗಿ

ಕೆಲಸಕ್ಕೆ ಸೇರಿ ಆರು ತಿಂಗಳು ಆಗಿಲ್ಲದವರಿಗೆ ವರ್ಷದ ಪೂರ್ತಿ ರಜೆಯ ಹಕ್ಕು ಇನ್ನೂ ಬಂದಿರುವುದಿಲ್ಲ. ಕೆಲಸ ಮಾಡಿದ ಪ್ರತಿ ತಿಂಗಳಿಗೆ ಹನ್ನೆರಡನೆಯ ಒಂದು ಭಾಗದಂತೆ ಲೆಕ್ಕವಾಗುತ್ತದೆ. ಆದ್ದರಿಂದ ವಿಮಾನದ ಟಿಕೆಟ್ ತೆಗೆಯುವ ಮೊದಲು ನಿಮ್ಮ ಖಾತೆಯಲ್ಲಿ ಎಷ್ಟು ದಿನವಿದೆ ಎಂದು ಕಚೇರಿಯಲ್ಲಿ ಕೇಳಿ. 24 ಮತ್ತು 31ರಂದು ಕೆಲವು ಕಂಪನಿಗಳು ತಾವಾಗಿಯೇ ಬಿಡುವು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಇನ್ನು ಕೆಲವು ಕಂಪನಿಗಳು ಹಬ್ಬದಿಂದ ಹೊಸವರ್ಷದವರೆಗೆ ಪೂರ್ತಿ ಮುಚ್ಚಿ, ಆ ದಿನಗಳನ್ನು ನೌಕರರ ರಜೆಯಿಂದಲೇ ಕಳೆಯುತ್ತವೆ. ಇದಕ್ಕೆ ಬೆಟ್ರೀಬ್ಸ್‌ಫೇರಿಯನ್ ಎನ್ನುತ್ತಾರೆ. ನಿಮ್ಮಲ್ಲಿ ಯಾವ ಪದ್ಧತಿಯಿದೆ ಎಂದು ನವೆಂಬರ್‌ನಲ್ಲೇ ತಿಳಿದುಕೊಳ್ಳಿ.

ಕೀಟಾಗಳು, ಅಂದರೆ ಶಿಶುವಿಹಾರಗಳು, ಈ ವಾರ ಸಾಮಾನ್ಯವಾಗಿ ಮುಚ್ಚಿರುತ್ತವೆ. ಯಾವ ದಿನಗಳು ಎಂಬ ಪಟ್ಟಿಯನ್ನು ಮೊದಲೇ ಕೊಟ್ಟಿರುತ್ತಾರೆ. ಶಾಲೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಟಿಕೆಟ್ ಅಗ್ಗವೆಂದು ರಜೆ ಆರಂಭವಾಗುವ ಎರಡು ದಿನ ಮೊದಲೇ ಮಗುವನ್ನು ಶಾಲೆ ಬಿಡಿಸಿ ಊರಿಗೆ ಹೊರಡುವಂತಿಲ್ಲ. ಶಾಲೆಯ ಅನುಮತಿ ಇಲ್ಲದಿದ್ದರೆ ದಂಡ ಬೀಳಬಹುದು. ಬವೇರಿಯಾದ ವಿಮಾನ ನಿಲ್ದಾಣಗಳಲ್ಲಿ ಪೊಲೀಸರು ಶಾಲಾ ವಯಸ್ಸಿನ ಮಕ್ಕಳ ಬಗ್ಗೆ ವಿಚಾರಿಸಿ ಶಾಲೆಗೆ ಫೋನ್ ಮಾಡಿದ ಉದಾಹರಣೆಗಳಿವೆ.

ವಾಸದ ಪರವಾನಗಿಯ ಅವಧಿ ಮುಗಿದು, ಅರ್ಜಿ ಇನ್ನೂ ವಿಚಾರಣೆಯಲ್ಲಿದ್ದಾಗ ವಿದೇಶಿಯರ ಕಚೇರಿಯು ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೊಡುತ್ತದೆ. ಭಾರತಕ್ಕೆ ಹೋಗಿ ಮರಳಿ ಬರಲು ಈ ಪತ್ರ ಸಾಕೇ ಎಂಬುದು ಅದರಲ್ಲಿ ಗುರುತು ಹಾಕಿರುವ ಕಲಮನ್ನು ಅವಲಂಬಿಸಿದೆ. ವಾಸ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮಿನಡಿ ಕೊಟ್ಟಿದ್ದರೆ ಹಳೆಯ ಪರವಾನಗಿ ಮುಂದುವರಿದಂತೆ ಲೆಕ್ಕ, ಹಿಂದಿರುಗಬಹುದು. 3ನೇ ಉಪಕಲಮಿನಡಿ ಕೊಟ್ಟಿದ್ದರೆ ಅದೊಂದನ್ನೇ ಹಿಡಿದು ಮತ್ತೆ ಒಳಗೆ ಬರಲಾಗುವುದಿಲ್ಲ. ಹಬ್ಬದ ವಾರದಲ್ಲಿ ಅನೇಕ ಕಚೇರಿಗಳು ಮುಚ್ಚಿರುವುದರಿಂದ ಕೊನೆಯ ಗಳಿಗೆಯಲ್ಲಿ ಸರಿಪಡಿಸಿಕೊಳ್ಳುವ ದಾರಿಯೂ ಇರುವುದಿಲ್ಲ. ಪತ್ರವನ್ನು ಇವತ್ತೇ ತೆಗೆದು ನೋಡಿ.

3. ಡಿಸೆಂಬರ್ ಮೊದಲ ಹದಿನೈದು ದಿನಗಳಲ್ಲಿ ಜನರನ್ನು ಹುಡುಕಿಕೊಳ್ಳಿ

ಅಕ್ಕಿ, ಬೇಳೆ, ಔಷಧಿಗಳಿಗಿಂತ ಈ ಹಂತ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಚಳಿಗಾಲದಲ್ಲಿ ಹೊಸಬರನ್ನು ಕುಗ್ಗಿಸುವುದು ಚಳಿಯಲ್ಲ, ಆ ಮೂರು ದಿನಗಳ ಮೌನ. ಮ್ಯೂನಿಕ್‌ನಲ್ಲಿ ಡಿಸೆಂಬರ್ ಮೂರನೆಯ ವಾರ ಸೂರ್ಯ ಹುಟ್ಟುವುದು ಬೆಳಿಗ್ಗೆ 8ರ ಸುಮಾರಿಗೆ, ಮುಳುಗುವುದು ಸಂಜೆ ನಾಲ್ಕೂವರೆಗೂ ಮೊದಲೇ. ಬರ್ಲಿನ್‌ನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಅಂತಹ ದಿನಗಳಲ್ಲಿ ಕೋಣೆಯಲ್ಲಿ ಒಬ್ಬರೇ ಕುಳಿತು ಊರಿನ ಫೋನಿಗಾಗಿ ಕಾಯುವ ಸ್ಥಿತಿ ತಂದುಕೊಳ್ಳಬೇಡಿ. ಚಳಿಗಾಲದಲ್ಲಿ ಭಾರತದ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಇಲ್ಲಿ ಸಂಜೆ ಆರಾಗುವಾಗ ಮನೆಯವರು ಮಲಗುವ ಹೊತ್ತಾಗಿರುತ್ತದೆ.

ಹಬ್ಬಕ್ಕೆ ಯಾರನ್ನು ಕರೆಯಬೇಕು, ಯಾರ ಮನೆಗೆ ಹೋಗಬೇಕು ಎಂಬುದನ್ನು ಜರ್ಮನ್ ಕುಟುಂಬಗಳು ವಾರಗಳ ಮೊದಲೇ ನಿರ್ಧರಿಸುತ್ತವೆ. ದಾರಿಯಲ್ಲಿ ಸಿಕ್ಕವರನ್ನು ‘ಬನ್ನಿ, ಊಟ ಮಾಡಿಕೊಂಡು ಹೋಗಿ’ ಎಂದು ಕರೆಯುವ ವಾಡಿಕೆ ಇಲ್ಲಿಲ್ಲ. ಇದನ್ನು ತಾತ್ಸಾರ ಎಂದು ತಿಳಿಯಬಾರದು. ಸಹೋದ್ಯೋಗಿಗಳೊಡನೆ ಮಾತು ಬಂದಾಗ ‘ಈ ಬಾರಿ ನಾನು ಊರಿಗೆ ಹೋಗುತ್ತಿಲ್ಲ, ಇಲ್ಲೇ ಇರುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಿಬಿಡಿ. ಹೇಳಿದರೆ ಕರೆಯುವವರು ಸಿಗುತ್ತಾರೆ. ಹೇಳದಿದ್ದರೆ ನಿಮಗೆ ನಿಮ್ಮದೇ ಏರ್ಪಾಡು ಇದೆ ಎಂದುಕೊಳ್ಳುತ್ತಾರೆ.

ಕರೆಗಾಗಿ ಕಾಯುವುದಕ್ಕಿಂತ ನೀವೇ ಕರೆಯುವುದು ಇನ್ನೂ ಒಳ್ಳೆಯದು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಅಡ್ವೆಂಟ್ ಭಾನುವಾರಗಳೆನ್ನುತ್ತಾರೆ. ಹಸಿರು ಎಲೆಗಳ ದುಂಡು ಹಾರದ ಮೇಲೆ ನಾಲ್ಕು ಮೇಣದ ಬತ್ತಿಗಳನ್ನಿಟ್ಟು, ಮೊದಲ ಭಾನುವಾರ ಒಂದು, ಎರಡನೆಯ ಭಾನುವಾರ ಎರಡು ಹೀಗೆ ಹಚ್ಚುತ್ತಾ ಹೋಗುತ್ತಾರೆ. ಆ ಮಧ್ಯಾಹ್ನಗಳಲ್ಲಿ ಕಾಫಿಗೆ ಒಬ್ಬರನ್ನೊಬ್ಬರು ಕರೆಯುವುದು ಇಲ್ಲಿನವರಿಗೆ ಚಿರಪರಿಚಿತ. ಪಕ್ಕದ ಮನೆಯವರನ್ನು ಒಂದು ಅಡ್ವೆಂಟ್ ಭಾನುವಾರ ಮೂರು ಗಂಟೆಗೆ ಕರೆದು ಫಿಲ್ಟರ್ ಕಾಫಿ, ಕೋಡುಬಳೆ, ರವೆ ಉಂಡೆ ಇಡಿ. ಮೂರೆಂದರೆ ಮೂರಕ್ಕೇ ಗಂಟೆ ಬಾರಿಸುತ್ತಾರೆ, ಅಷ್ಟರೊಳಗೆ ಡಿಕಾಕ್ಷನ್ ಇಳಿದಿರಲಿ. ನೀವಿಲ್ಲದಾಗ ನಿಮ್ಮ ಪಾರ್ಸೆಲ್ ತೆಗೆದುಕೊಂಡಿಡುವವರೂ ಬೀಗದ ಕೈ ಇಟ್ಟುಕೊಳ್ಳುವವರೂ ಇವರೇ.

ಮ್ಯೂನಿಕ್, ಫ್ರಾಂಕ್‌ಫರ್ಟ್ ಮೊದಲಾದ ಊರುಗಳಲ್ಲಿ ಕನ್ನಡ ಕೂಟಗಳಿವೆ. ಸಂಕ್ರಾಂತಿ ಸಮಾರಂಭದ ಸಿದ್ಧತೆಗಳು ಡಿಸೆಂಬರ್‌ನಲ್ಲೇ ಆರಂಭವಾಗುವುದರಿಂದ ಸ್ವಯಂಸೇವಕರಾಗಿ ಸೇರಿಕೊಳ್ಳಲು ಇದು ಒಳ್ಳೆಯ ಸಮಯ. ಸುಮ್ಮನೆ ಪ್ರೇಕ್ಷಕರಾಗಿ ಹೋಗುವುದಕ್ಕಿಂತ ಕುರ್ಚಿ ಜೋಡಿಸುವ, ಅಡುಗೆ ಬಡಿಸುವ ಕೆಲಸ ವಹಿಸಿಕೊಂಡವರಿಗೆ ಪರಿಚಯಗಳು ಬೇಗ ಆಗುತ್ತವೆ.

ಕ್ರಿಸ್‌ಮಸ್ ಸಂತೆಗಳಿಗೆ ಈ ಅವಧಿಯಲ್ಲೇ ಹೋಗಿಬನ್ನಿ. ಬಹುಪಾಲು ಸಂತೆಗಳು 23 ಅಥವಾ 24ಕ್ಕೆ ಮುಗಿದುಹೋಗುತ್ತವೆ. ಡ್ರೆಸ್ಡೆನ್‌ನ ಸಂತೆಗೆ 1434ರಿಂದಲೂ ಇತಿಹಾಸವಿದೆ, ನ್ಯೂರ್ನ್‌ಬರ್ಗ್‌ನದು ಹೆಸರುವಾಸಿ. ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿ ಮಧ್ಯಯುಗದ ಶೈಲಿಯ ಸಂತೆ ನಡೆಯುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಅವರು 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲೇ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕರ ಊರೆಂಬ ಕಾರಣಕ್ಕಾದರೂ ಅಲ್ಲಿಗೊಮ್ಮೆ ಹೋಗಿಬರಬೇಕು. ಸಂತೆಯಲ್ಲಿ ಪಾನೀಯ ಕೊಳ್ಳುವಾಗ ಕಪ್ಪಿಗೆ ಪ್ರತ್ಯೇಕ ಠೇವಣಿ, ಅಂದರೆ ಫಾಂಡ್, ಕಟ್ಟಬೇಕು. ಕಪ್ಪು ಹಿಂದಿರುಗಿಸಿದರೆ ಹಣ ವಾಪಸು. ಗ್ಲ್ಯೂವೈನ್ ಎಂಬುದು ಮಸಾಲೆ ಹಾಕಿ ಬಿಸಿ ಮಾಡಿದ ದ್ರಾಕ್ಷಾರಸದ ಮದ್ಯ. ಮದ್ಯ ಬೇಡದವರು ಕಿಂಡರ್‌ಪುನ್ಶ್ ಕೇಳಬೇಕು. ಚಿಲ್ಲರೆ ಯೂರೋ ಜೇಬಿನಲ್ಲಿರಲಿ, ಎಲ್ಲ ಮಳಿಗೆಗಳಲ್ಲೂ ಕಾರ್ಡ್ ನಡೆಯುವುದಿಲ್ಲ.

4. ಅಡುಗೆಮನೆ ಮತ್ತು ಪರರ ಮನೆಯ ಊಟ

ನಾಲ್ಕು ದಿನಕ್ಕೆ ಬೇಕಾದ ತರಕಾರಿ, ಮೊಸರು, ಬ್ರೆಡ್ ಲೆಕ್ಕ ಹಾಕಿ ತಂದಿಡಿ. ಹಾಲಿಗೆ ಎಚ್-ಮಿಲ್ಶ್ ಎಂಬ ಪೊಟ್ಟಣ ಅನುಕೂಲ. ಒಡೆಯದಿದ್ದರೆ ಫ್ರಿಜ್ ಇಲ್ಲದೆಯೂ ವಾರಗಟ್ಟಲೆ ಕೆಡುವುದಿಲ್ಲ. ಭಾರತೀಯ ಅಂಗಡಿಗಳ ಮಾಲೀಕರೂ ಈ ಹೊತ್ತಿನಲ್ಲಿ ಊರಿಗೆ ಹೋಗುವುದುಂಟು, ಆದ್ದರಿಂದ ಸೋನಾ ಮಸೂರಿ, ತೊಗರಿಬೇಳೆ, ಹುಣಸೆಹಣ್ಣುಗಳನ್ನು ಡಿಸೆಂಬರ್ ಮಧ್ಯದೊಳಗೆ ತಂದುಕೊಳ್ಳುವುದು ಒಳ್ಳೆಯದು. ಧನುರ್ಮಾಸದ ಹುಗ್ಗಿ ಮಾಡುವವರಿಗೆ ಈ ದೇಶದಲ್ಲೊಂದು ಅನುಕೂಲವಿದೆ: ಸೂರ್ಯೋದಯ ಎಂಟರ ಹೊತ್ತಿಗೆ ಆಗುವುದರಿಂದ ಏಳಕ್ಕೆದ್ದು ಮಾಡಿದರೂ ನೈವೇದ್ಯ ಹೊತ್ತು ಹುಟ್ಟುವ ಮೊದಲೇ ಆಗಿರುತ್ತದೆ.

ಯಾರಾದರೂ ಊಟಕ್ಕೆ ಕರೆದರೆ, ಸಸ್ಯಾಹಾರಿಗಳು ಒಪ್ಪಿಕೊಳ್ಳುವಾಗಲೇ ವಿವರವಾಗಿ ಹೇಳಿಬಿಡಬೇಕು. ಇಲ್ಲಿ ಸಸ್ಯಾಹಾರವೆಂದರೆ ಮೊಟ್ಟೆಯೂ ಸೇರಿದೆ. ಮೊಟ್ಟೆ ತಿನ್ನದವರು ಅದನ್ನು ಬೇರೆಯಾಗಿಯೇ ತಿಳಿಸಬೇಕು. ಹಬ್ಬದ ಊಟದ ಕೆಂಪು ಕೋಸಿನ ಪಲ್ಯ ನೋಡಲು ಬರಿಯ ತರಕಾರಿಯಂತಿದ್ದರೂ ಅದನ್ನು ಬಾತುಕೋಳಿಯ ಅಥವಾ ಹಂದಿಯ ಕೊಬ್ಬಿನಲ್ಲಿ ಬೇಯಿಸುವ ರೂಢಿಯಿದೆ. ಬ್ರೆಡ್ಡಿನಿಂದ ಮಾಡುವ ಸೆಮೆಲ್‌ಕ್ನೋಡೆಲ್ ಎಂಬ ಉಂಡೆಗೆ ಮೊಟ್ಟೆ ಹಾಕುತ್ತಾರೆ. ಲೇಬ್‌ಕೂಖೆನ್ ಎಂಬ ಮಸಾಲೆ ಬಿಸ್ಕತ್ತಿನಲ್ಲಿ ಮೊಟ್ಟೆ ಇರುವುದು ಸಾಮಾನ್ಯ. ಮಕ್ಕಳಿಗೆ ಕೊಡುವ ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜೆಲಾಟಿನ್ ಇರಬಹುದು. ಮೊದಲೇ ತಿಳಿಸಿದರೆ ಆತಿಥೇಯರು ಸಂತೋಷದಿಂದಲೇ ಬೇರೆ ಏರ್ಪಾಡು ಮಾಡುತ್ತಾರೆ. ತಟ್ಟೆಯ ಮುಂದೆ ಕುಳಿತು ಹೇಳಿದರೆ ಅವರಿಗೆ ನಿಜಕ್ಕೂ ಬೇಸರವಾಗುತ್ತದೆ. ‘ನಾನೊಂದು ಅಡುಗೆ ಮಾಡಿ ತರಲೇ?’ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಚಿತ್ರಾನ್ನ, ಕೋಸಂಬರಿಗಳನ್ನು ಇಲ್ಲಿನವರು ಇಷ್ಟಪಟ್ಟು ತಿನ್ನುತ್ತಾರೆ. ಹಸಿಮೆಣಸಿನಕಾಯಿಯನ್ನು ಮಾತ್ರ ಕಡಿಮೆ ಮಾಡಿ.

5. ಔಷಧಿ ಮತ್ತು ವೈದ್ಯರು

ಪ್ಯಾರಾಸಿಟಮಾಲ್ ಸಹ ಇಲ್ಲಿ ಔಷಧಿ ಅಂಗಡಿಯಲ್ಲಿ, ಅಂದರೆ ಅಪೊಥೇಕೆಯಲ್ಲಿ, ಮಾತ್ರ ಸಿಗುತ್ತದೆ. ಸೋಪು, ಶಾಂಪೂ ಮಾರುವ ಡ್ರೋಗರಿಗಳಲ್ಲಿ ಸಿಗುವುದಿಲ್ಲ. ಜ್ವರಮಾಪಕ, ಮಕ್ಕಳ ಜ್ವರದ ಔಷಧಿ, ಓಆರ್‌ಎಸ್ ಮೊದಲೇ ಮನೆಯಲ್ಲಿರಲಿ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್‌ಗಳಿಗೆ ದಿನಾ ಮಾತ್ರೆ ತೆಗೆದುಕೊಳ್ಳುವವರು ಜನವರಿ ಎರಡನೆಯ ವಾರದವರೆಗೆ ಸಾಲುವಷ್ಟಕ್ಕೆ ಡಿಸೆಂಬರ್ 15ರ ಸುಮಾರಿಗೇ ಚೀಟಿ ಬರೆಸಿಕೊಳ್ಳಬೇಕು. ಕಾರಣವಿಷ್ಟೆ: ಕ್ಲಿನಿಕ್‌ಗಳು ಹೊಸವರ್ಷದವರೆಗೆ ಮುಚ್ಚಿರಬಹುದು, ಜನವರಿಯಲ್ಲಿ ಹೊಸ ತ್ರೈಮಾಸಿಕ ಆರಂಭವಾಗುವುದರಿಂದ ನಿಮ್ಮ ವಿಮಾ ಕಾರ್ಡನ್ನು ಮತ್ತೆ ಓದಿಸಬೇಕಾಗುತ್ತದೆ.

ರಜೆಯ ದಿನ ಕಾಯಿಲೆ ಬಿದ್ದರೆ, ಜೀವಕ್ಕೆ ಅಪಾಯವಿಲ್ಲದಿದ್ದಾಗ 116117ಕ್ಕೆ ಫೋನ್ ಮಾಡಿ. ಕರ್ತವ್ಯದಲ್ಲಿರುವ ವೈದ್ಯರ ಮಾಹಿತಿ ಸಿಗುತ್ತದೆ. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಬೆಂಕಿ ಅನಾಹುತ ಇವುಗಳಿಗೆ 112. ಈ ಎರಡು ಸಂಖ್ಯೆಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವುದರಿಂದಲೇ ಹೊಸಬರು ಗಂಟೆಗಟ್ಟಲೆ ಕಾಯುವ ಪರಿಸ್ಥಿತಿ ಬರುತ್ತದೆ. ಪ್ರತಿ ಪ್ರದೇಶದಲ್ಲೂ ಸರದಿಯ ಮೇಲೆ ಒಂದು ಔಷಧಿ ಅಂಗಡಿ ರಾತ್ರಿ, ರಜಾದಿನಗಳಲ್ಲಿ ಸೇವೆ ಕೊಡುತ್ತದೆ. ಯಾವುದೆಂಬುದನ್ನು ಮುಚ್ಚಿದ ಅಂಗಡಿಗಳ ಬಾಗಿಲಿನಲ್ಲೇ ಬರೆದು ಅಂಟಿಸಿರುತ್ತಾರೆ. ಆ ಹೊತ್ತಿನ ಸೇವೆಗೆ 2.50 ಯೂರೋ ಹೆಚ್ಚುವರಿ ಶುಲ್ಕವಿದೆ.

6. ಮನೆಯ ಶಾಖ ಮತ್ತು ಗಾಳಿ

ಹೀಟರಿನ ತಿರುಪಿನಲ್ಲಿ 1ರಿಂದ 5ರವರೆಗೆ ಅಂಕಿಗಳಿರುತ್ತವೆ. 3 ಎಂದರೆ ಸುಮಾರು 20 ಡಿಗ್ರಿ, ಒಂದೊಂದು ಅಂಕಿಗೆ ಸುಮಾರು 4 ಡಿಗ್ರಿ ವ್ಯತ್ಯಾಸ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಎಷ್ಟು ಬಿಸಿಯಾದ ಮೇಲೆ ನಿಲ್ಲಬೇಕು ಎಂಬುದನ್ನಷ್ಟೇ ಅದು ಹೇಳುತ್ತದೆ. ಊರಿಗೆ ಹೋಗುವವರು ಹೀಟರನ್ನು ಪೂರ್ತಿ ಆರಿಸಬಾರದು, ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಒಡೆದರೆ ಆಗುವ ನಷ್ಟ ದೊಡ್ಡದು. ಹಿಮದ ಹರಳಿನ ಗುರುತು ಇರುವಲ್ಲಿಗಿಂತ ಕೆಳಗೆ ಇಳಿಸಬೇಡಿ. ಕೊರೆಯುವ ಚಳಿಯಿದ್ದರೆ 1 ಅಥವಾ 2ರಲ್ಲಿಡುವುದು ಕ್ಷೇಮ.

ನಮ್ಮ ಅಡುಗೆಯಲ್ಲಿ ಕುಕ್ಕರ್, ಇಡ್ಲಿ ಪಾತ್ರೆ, ಕುದಿಯುವ ಸಾರು ಎಂದು ಹಬೆ ಹೆಚ್ಚು. ಚಳಿಯೆಂದು ಕಿಟಕಿ ತೆರೆಯದೆ, ಒಗೆದ ಬಟ್ಟೆಯನ್ನೂ ಒಳಗೇ ಒಣಗಿಸಿದರೆ ಹೊರಗೋಡೆಯ ಮೂಲೆಯಲ್ಲಿ ಮೊದಲು ತೇವ ಕಾಣಿಸಿಕೊಂಡು, ಆಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ. ಅದು ಬೂಷ್ಟು. ಮನೆ ಬಿಡುವಾಗ ಠೇವಣಿಯ ತಕರಾರು ಹುಟ್ಟುವುದು ಇಂಥದ್ದರಿಂದಲೇ. ದಿನಕ್ಕೆ ಮೂರು ಬಾರಿ, ಐದು ನಿಮಿಷ, ಹೀಟರ್ ಆರಿಸಿ ಕಿಟಕಿಗಳನ್ನು ಪೂರ್ತಿ ತೆರೆಯಿರಿ. ಕಿಟಕಿಯನ್ನು ಓರೆಯಾಗಿ ದಿನವಿಡೀ ಬಿಡುವುದರಿಂದ ಗೋಡೆ ತಣ್ಣಗಾಗುತ್ತದೆಯೇ ಹೊರತು ತೇವ ಸರಿಯಾಗಿ ಹೋಗುವುದಿಲ್ಲ.

ಬಾಡಿಗೆ ಕರಾರನ್ನು ಒಮ್ಮೆ ಓದಿ, ಮನೆಯ ಮುಂದಿನ ಕಾಲುದಾರಿಯ ಹಿಮ ತೆಗೆಯುವ ಸರದಿ ನಿಮಗೂ ಇದೆಯೇ ನೋಡಿ. ಸರದಿ ಇದ್ದು ನೀವು ಊರಿನಲ್ಲಿದ್ದರೆ ಬದಲಿ ಏರ್ಪಾಡು ಮಾಡಿ ಹೋಗುವುದು ನಿಮ್ಮದೇ ಹೊಣೆ.

7. 24ರ ಸಂಜೆಯಿಂದ 26ರವರೆಗೆ

24ರ ಸಂಜೆಗೆ ಹೈಲಿಗಾಬೆಂಡ್ ಎನ್ನುತ್ತಾರೆ. ಮಕ್ಕಳಿಗೆ ಉಡುಗೊರೆ ಸಿಗುವುದು ಆಗಲೇ, 25ರ ಬೆಳಿಗ್ಗೆಯಲ್ಲ. ಅಂದು ಸಂಜೆಯ ನಂತರ ಬಸ್, ಟ್ರಾಮ್‌ಗಳ ಓಡಾಟ ಅನೇಕ ಊರುಗಳಲ್ಲಿ ಕಡಿಮೆಯಾಗುವುದರಿಂದ, ಎಲ್ಲಿಗಾದರೂ ಹೋದರೆ ಮರಳುವ ಹೊತ್ತನ್ನೂ ಮೊದಲೇ ನೋಡಿಕೊಳ್ಳಬೇಕು. ಒಬ್ಬರೇ ಇರುವವರಿಗೆ ನನ್ನ ಸಲಹೆ, ಹತ್ತಿರದ ಚರ್ಚಿನ ಪ್ರಾರ್ಥನೆಗೆ ಹೋಗಿಬನ್ನಿ. ಮಧ್ಯಾಹ್ನ ಮಕ್ಕಳು ಯೇಸುವಿನ ಜನನದ ನಾಟಕವಾಡುತ್ತಾರೆ, ತಡರಾತ್ರಿ ಸಂಗೀತದ ಪ್ರಾರ್ಥನೆ ಇರುತ್ತದೆ. ಅನ್ಯಧರ್ಮದವರಿಗೂ ಬಾಗಿಲು ತೆರೆದಿರುತ್ತದೆ, ಯಾರೂ ನೀವು ಯಾರೆಂದು ಕೇಳುವುದಿಲ್ಲ. ಅರ್ಧ ಗಂಟೆ ಮೊದಲು ಹೋದರೆ ಕೂರಲು ಜಾಗ ಸಿಗುತ್ತದೆ. ಕಮ್ಯುನಿಯನ್, ಅಂದರೆ ರೊಟ್ಟಿಯ ಪ್ರಸಾದ ಹಂಚುವಾಗ ಎದ್ದು ಹೋಗದೆ ಕುಳಿತಲ್ಲೇ ಇರಿ.

25 ಮತ್ತು 26ರಂದು ಹಗಲಿರುವಾಗ ಹೊರಗೆ ನಡೆಯಲು ಹೋಗಿ. ಹನ್ನೊಂದರಿಂದ ಎರಡರೊಳಗೆ ಸಿಗುವ ಬೆಳಕನ್ನು ಬಿಡಬೇಡಿ. ಇಲ್ಲಿನ ಕುಟುಂಬಗಳೂ ಊಟವಾದ ಮೇಲೆ ಕೆರೆ, ಕಾಡಿನ ದಾರಿಗಳಲ್ಲಿ ನಡೆಯುತ್ತಿರುತ್ತವೆ. ಈ ಎರಡೂ ದಿನ ಕೊರೆಯುವ ಯಂತ್ರ, ಸುತ್ತಿಗೆ ಮುಟ್ಟುವಂತಿಲ್ಲ. ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವಂತೆಯೂ ಇಲ್ಲ. ದೋಸೆ ಹಿಟ್ಟು ರುಬ್ಬುವುದಿದ್ದರೆ ಹಗಲಲ್ಲೇ ಮುಗಿಸಿ, ರಾತ್ರಿ ಹತ್ತರ ಮೇಲೆ ಬೇಡ.

8. ಡಿಸೆಂಬರ್ 31

ದೀಪಾವಳಿಗೆ ಹೊಡೆಯಲಾಗದ ಪಟಾಕಿಯ ಆಸೆ ತೀರಿಸಿಕೊಳ್ಳುವ ರಾತ್ರಿಯಿದು. ಆದರೆ ನಿಯಮಗಳು ಬಿಗಿ. ಮಾಮೂಲಿ ಪಟಾಕಿ, ರಾಕೆಟ್‌ಗಳು ವರ್ಷದ ಕೊನೆಯ ಮೂರು ಮಾರಾಟದ ದಿನಗಳಲ್ಲಿ ಮಾತ್ರ, 18 ತುಂಬಿದವರಿಗೆ ಮಾತ್ರ ಸಿಗುತ್ತವೆ. ಹೊಡೆಯಬಹುದಾದದ್ದು 31 ಮತ್ತು 1ರಂದು ಅಷ್ಟೆ. ಆಸ್ಪತ್ರೆ, ಚರ್ಚು, ವೃದ್ಧಾಶ್ರಮ, ಮರದ ಕಟ್ಟಡಗಳ ಬಳಿ ನಿಷೇಧವಿದೆ, ಹಲವು ಊರುಗಳಲ್ಲಿ ನಡುಪೇಟೆಯಲ್ಲೂ ಇದೆ. ಉಳಿದ ಪಟಾಕಿಯನ್ನು ಮುಂದಿನ ದೀಪಾವಳಿಗೆಂದು ಎತ್ತಿಟ್ಟು ಹೊಡೆದರೆ ಅದು ಅಪರಾಧವಾಗುತ್ತದೆ. ಪುಟ್ಟ ಮಕ್ಕಳಿದ್ದರೆ ಮಧ್ಯರಾತ್ರಿ ರಸ್ತೆಗಿಳಿಯದೆ ಕಿಟಕಿಯಿಂದಲೇ ನೋಡುವುದು ಸುರಕ್ಷಿತ. ಜನರ ನಡುವೆಯೇ ರಾಕೆಟ್ ಹಾರಿಸುವವರು ಇರುತ್ತಾರೆ.

9. ಊರಿಗೆ ಹೋಗಿ ಹಿಂದಿರುಗುವವರ ಪೆಟ್ಟಿಗೆ

ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಅಮ್ಮ ಕಾಯಿಸಿ ಕೊಟ್ಟ ತುಪ್ಪ, ಧಾರವಾಡದ ಪೇಡ ಎರಡೂ ಈ ಪಟ್ಟಿಗೆ ಸೇರುತ್ತವೆ. ಹಸಿ ಕರಿಬೇವು, ವೀಳ್ಯದೆಲೆ, ಹಣ್ಣು, ತರಕಾರಿಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು; ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರಗಳಿಗೆ ವಿನಾಯಿತಿಯಿದೆ. ಸಾರಿನ ಪುಡಿ, ಚಟ್ನಿಪುಡಿ, ಒಣಗಿಸಿದ ಹಪ್ಪಳಗಳಿಗೆ ತೊಂದರೆಯಿಲ್ಲ. ಸಂಕ್ರಾಂತಿಯ ಎಳ್ಳು, ಬೆಲ್ಲ, ಹುರಿದ ಕಡಲೆಬೀಜ, ಕೊಬ್ಬರಿ ಕೂಡ ತರಬಹುದು.

ಹೆಚ್ಚಿನವರು ಎಡವುವುದು ಚಿನ್ನದ ವಿಷಯದಲ್ಲಿ. ವಿಮಾನದಲ್ಲಿ ಬರುವ ವಯಸ್ಕರಿಗೆ ತಲಾ 430 ಯೂರೋ ಮೌಲ್ಯದ ಹೊಸ ವಸ್ತುಗಳಿಗೆ ಮಾತ್ರ ಸುಂಕದ ವಿನಾಯಿತಿ. ತವರಿನವರು ಉಡುಗೊರೆ ಕೊಟ್ಟ ಬಳೆಯಾದರೂ, ಅದನ್ನು ಕೈಗೆ ಹಾಕಿಕೊಂಡೇ ಬಂದರೂ, ಮೌಲ್ಯ ಈ ಮಿತಿ ದಾಟಿದರೆ ಕೆಂಪು ದಾರಿಯಲ್ಲಿ ಹೋಗಿ ಘೋಷಿಸಬೇಕು. ಹಸಿರು ದಾರಿಯಲ್ಲಿ ಸಿಕ್ಕಿಬಿದ್ದರೆ ಸುಂಕದ ಜೊತೆಗೆ ದಂಡವೂ ಬೀಳುತ್ತದೆ. ಇಲ್ಲಿಂದ ಹೋಗುವಾಗಲೇ ಮೈಮೇಲಿರುವ ಹಳೆಯ ಒಡವೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ಬೆಲೆಬಾಳುವವಾಗಿದ್ದರೆ ಹೊರಡುವ ದಿನ ವಿಮಾನ ನಿಲ್ದಾಣದ ಸುಂಕದ ಕಚೇರಿಯಲ್ಲಿ ಅವು ನಿಮ್ಮವೇ ಎಂದು ನಮೂದಿಸಿದ ಪತ್ರ ಮಾಡಿಸಿಕೊಂಡರೆ, ಜನವರಿಯಲ್ಲಿ ಇಳಿದಾಗ ಪ್ರಶ್ನೆ ಬಂದರೂ ತೋರಿಸಲು ಆಧಾರವಿರುತ್ತದೆ.